ಕಲ್ಬತ್ತಿನಲ್ಲಿ ಪದಾರ್ಥಗಳ ರೂಪಾಂತರ



ಅಕ್ಕಿಯನ್ನು ರುಬ್ಬುತ್ತೇವೆ, ರಾಗಿಯನ್ನು ಬೀಸುತ್ತೇವೆ, ಮೆಣಸಿನಕಾಯಿಯನ್ನು ಕುಟ್ಟುತ್ತೇವೆ, ಗಂಧದ ಕೊರಡನ್ನು ತೇಯುತ್ತೇವೆ, ಔಷಧವನ್ನು ಅರೆಯುತ್ತೇವೆ. ಗಟ್ಟಿಯಾದ ವಸ್ತುವನ್ನು ನುಣ್ಣಗೆ ಮಾಡುವ ಒಂದೇ ಕೆಲಸಕ್ಕೆ ನಮ್ಮ ಮಾತಿನಲ್ಲಿ ಇಷ್ಟು ಧಾತುಗಳಿರುವುದು ನಿಷ್ಕಾರಣವಲ್ಲ. ಒನಕೆಯ ಪೆಟ್ಟು ಒಂದು ಬಗೆ, ಗುಂಡುಕಲ್ಲಿನ ಹೊರಳಾಟ ಮತ್ತೊಂದು ಬಗೆ, ಸಾಣೆಕಲ್ಲಿನ ಮೇಲಣ ಉಜ್ಜಾಟ ಮಗುದೊಂದು ಬಗೆ ಎಂಬುದನ್ನು ಮನೆಯ ಹೆಂಗಸರು ಕೈಯಿಂದಲೇ ಬಲ್ಲರು. ಆದರೆ ಈ ಎಲ್ಲ ಕೆಲಸಗಳ ಹಿಂದೆಯೂ ಒಂದು ನಂಬಿಕೆಯಿದೆ. ಎಷ್ಟು ಅರೆದರೂ ಗಂಧವು ಗಂಧವೇ, ಉಪ್ಪು ಉಪ್ಪೇ. ಕಣವು ಸಣ್ಣದಾಗುವುದೇ ಹೊರತು ವಸ್ತುವಿನ ಒಳಗಣ ಕಟ್ಟಡವು ಬದಲಾಗುವುದಿಲ್ಲ ಎಂಬುದೇ ಆ ನಂಬಿಕೆ. ಇದು ಅಡಿಗೆಮನೆಯದು ಮಾತ್ರವಲ್ಲ. ಬಹುಕಾಲ ರಸಾಯನಶಾಸ್ತ್ರದ ಪಂಡಿತರ ನಂಬಿಕೆಯೂ ಇದೇ ಆಗಿದ್ದಿತು. ವಸ್ತುವನ್ನು ಬದಲಾಯಿಸಬೇಕಾದರೆ ಕಾಯಿಸಬೇಕು, ಇಲ್ಲವೆ ಕರಗಿಸಬೇಕು. ಕಲ್ಬತ್ತಿನ ಕೆಲಸವು ಅದಕ್ಕೆ ಮುಂಚಿನ ಸಿದ್ಧತೆ ಮಾತ್ರ ಎಂದು ಅವರು ಎಣಿಸಿದ್ದರು. ಈ ಎಣಿಕೆಯು ತಪ್ಪೆಂದು ಹೇಗೆ ತಿಳಿದುಬಂದಿತು, ತಿಳಿದಮೇಲೂ ಹೇಗೆ ಮರೆತುಹೋಯಿತು ಎಂಬುದೇ ಈ ಭಾಷಣದ ವಿಷಯ.

ಮೊದಲು ನಮ್ಮ ವೈದ್ಯರ ಮನೆಯ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ರಸಶಾಸ್ತ್ರದ ಕ್ರಮದಲ್ಲಿ ಶುದ್ಧಿಮಾಡಿದ ಪಾದರಸವನ್ನೂ ಗಂಧಕವನ್ನೂ ಖಲ್ವದಲ್ಲಿ ಹಾಕಿ ಮರ್ದನ ಮಾಡುವರು. ಬೆಳ್ಳಿಯಂತೆ ಹೊಳೆಯುವ ಪಾದರಸ, ಹಳದಿಯ ಗಂಧಕ. ಗಂಟೆಗಟ್ಟಲೆ ಅರೆದಮೇಲೆ ಎರಡೂ ಮಾಯವಾಗಿ ಕಾಡಿಗೆಯಂಥ ಕಪ್ಪು ಪುಡಿ ಉಳಿಯುವುದು. ಅದಕ್ಕೆ ಕಜ್ಜಲಿ ಎಂದೇ ಹೆಸರು. ಪಾದರಸದ ಹೊಳಪು ಎಳ್ಳಷ್ಟೂ ಕಾಣದಂತಾಗುವವರೆಗೆ ಕೈ ನಿಲ್ಲಿಸಕೂಡದೆಂಬುದು ನಿಯಮ. ಅಲ್ಲಿ ಬೆಂಕಿಯೂ ಇಲ್ಲ, ದ್ರಾವಣವೂ ಇಲ್ಲ. ಇರುವುದು ತೋಳಿನ ಬಲವೊಂದೇ. ಇದೇ ಕಜ್ಜಲಿಯನ್ನು ಕುಪ್ಪಿಯಲ್ಲಿಟ್ಟು ವಾಲುಕಾಯಂತ್ರದಲ್ಲಿ, ಎಂದರೆ ಕಾದ ಮರಳಿನ ನಡುವೆ, ಪಾಕಮಾಡಿದರೆ ಕುಪ್ಪಿಯ ಕತ್ತಿನಲ್ಲಿ ಕೆಂಪಾದ ರಸಸಿಂಧೂರವು ಕಟ್ಟಿಕೊಳ್ಳುವುದು. ಕಪ್ಪು ಪುಡಿ, ಕೆಂಪು ಹರಳು, ಇವೆರಡೂ ರಾಸಾಯನಿಕವಾಗಿ ಒಂದೇ ವಸ್ತು: ಒಂದು ಪಾದರಸದ ಪರಮಾಣುವಿಗೆ ಒಂದು ಗಂಧಕದ ಪರಮಾಣು. ಬೇರೆಯಾಗಿರುವುದು ಆ ಪರಮಾಣುಗಳು ಸಾಲುಗಟ್ಟಿ ನಿಂತಿರುವ ರೀತಿ. ಒಂದೇ ಇಟ್ಟಿಗೆಯಿಂದ ಗುಡಿಯನ್ನೂ ಕಟ್ಟಬಹುದು, ಛತ್ರವನ್ನೂ ಕಟ್ಟಬಹುದಷ್ಟೆ. ಹೀಗೆ ಒಂದೇ ವಸ್ತುವು ತಾಳುವ ಬೇರೆ ಬೇರೆ ವ್ಯೂಹಗಳನ್ನು ನಾನು ಮುಂದೆ 'ರೂಪ'ಗಳೆಂದು ಕರೆಯುವೆನು. (ಪಾದರಸವು ವಿಷ. ಇದು ಮನೆಯಲ್ಲಿ ಮಾಡಿ ನೋಡತಕ್ಕ ಪರೀಕ್ಷೆಯಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.)

ಯೂರೋಪಿನಲ್ಲಿಯೂ ಇದರ ಮೊದಲ ಬರಹವು ಪಾದರಸದ್ದೇ ಆಗಿರುವುದು ಸ್ವಾರಸ್ಯವಾಗಿದೆ. ಅರಿಸ್ಟಾಟಲನ ಶಿಷ್ಯನಾದ ಥಿಯೋಫ್ರಾಸ್ಟಸನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಲುಗಳ ವಿಷಯವಾಗಿ ಒಂದು ಸಣ್ಣ ಗ್ರಂಥವನ್ನು ಬರೆದನು. ಇಂಗುಲೀಕವನ್ನು ವಿನಿಗರಿನೊಡನೆ ತಾಮ್ರದ ಪಾತ್ರೆಯಲ್ಲಿ ತಾಮ್ರದ ಕುಟ್ಟಣಿಗೆಯಿಂದ ಅರೆದರೆ ಪಾದರಸವು ಹೊರಬೀಳುವುದೆಂದು ಅದರಲ್ಲಿ ಹೇಳಿದೆ. ಪಾತ್ರೆಯೂ ಕುಟ್ಟಣಿಗೆಯೂ ತಾಮ್ರದ್ದೇ ಆಗಿರಬೇಕಾದುದಕ್ಕೆ ಕಾರಣವಿದೆ: ಇಂಗುಲೀಕದಲ್ಲಿರುವ ಗಂಧಕವನ್ನು ತಾಮ್ರವು ಎಳೆದುಕೊಂಡು ಪಾದರಸವನ್ನು ಬಿಡುಗಡೆ ಮಾಡುವುದು. ಇಂಗುಲೀಕವನ್ನು ಕುಲುಮೆಯಲ್ಲಿ ಸುಟ್ಟು ಪಾದರಸವನ್ನು ತೆಗೆಯುವುದೇ ಲೋಕದಲ್ಲೆಲ್ಲ ರೂಢಿಯಾದ ಮಾರ್ಗ. ಅರೆದೂ ತೆಗೆಯಬಹುದೆಂಬ ಮಾತು ಗ್ರಂಥದಲ್ಲಿಯೇ ಉಳಿಯಿತು. ಮುಂದಿನ ಎರಡು ಸಾವಿರ ವರ್ಷಗಳ ಕಾಲ ಅದರ ಅರ್ಥವೇನೆಂದು ಯಾರೂ ವಿಚಾರಮಾಡಿದಂತೆ ಕಾಣುವುದಿಲ್ಲ.

1820ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಬೆಳ್ಳಿಯ ಕ್ಲೋರೈಡನ್ನು ಸತುವಿನೊಡನೆ ಒಣಗಿದಂತೆಯೇ ಕಲ್ಬತ್ತಿನಲ್ಲಿ ಅರೆದನು. ಸತುವು ಕ್ಲೋರಿನನ್ನು ಕಸಿದುಕೊಂಡಿತು, ಬೆಳ್ಳಿಯು ಉಳಿಯಿತು. ಜಗತ್ತೇ ಬೆರಗಾಗುವಂತಹ ಸಂಗತಿಯೆಂದು ಫ್ಯಾರಡೆಯೂ ಭಾವಿಸಲಿಲ್ಲ. ಒಣ ಮಾರ್ಗವೆಂದು ಹೆಸರಿಟ್ಟು ಸಹಜವಾಗಿ ವರ್ಣಿಸಿ ಮುಂದೆ ಹೋದನು. ಅದಕ್ಕೆ ತಕ್ಕ ಕಾರಣವೂ ಇದ್ದಿತು. ಸತುವೂ ಬೆಳ್ಳಿಯ ಕ್ಲೋರೈಡೂ ಕೂಡುವಾಗ ಶಾಖವು ತಾನಾಗಿಯೇ ಹುಟ್ಟುವುದು. ಅರೆಯುವುದು ಅಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ; ಕಡ್ಡಿಯು ಹತ್ತಿಸುವುದೇ ಹೊರತು ಸೌದೆಯನ್ನು ಉರಿಸುವುದು ಸೌದೆಯೊಳಗಣ ಶಕ್ತಿಯೇ. ಉಜ್ಜಿದರೆ ಬಿಸಿಯಾಗುವುದು ಮಕ್ಕಳಿಗೂ ಗೊತ್ತು. ಆದುದರಿಂದ ಕಲ್ಬತ್ತಿನಲ್ಲಿ ಏನಾದರೂ ಬದಲಾವಣೆ ಕಂಡರೆ ಅದು ಉಜ್ಜಾಟದ ಬಿಸಿಯಿಂದಲೇ ಆದುದು, ಹೊಸ ಕಾರಣವೊಂದನ್ನು ಹುಡುಕಬೇಕಾದುದಿಲ್ಲ ಎಂದು ವಿದ್ವಾಂಸರು ತೃಪ್ತಿಹೊಂದಿದರು. ಈ ಸಮಾಧಾನವು ನೋಡುವುದಕ್ಕೆ ಬಹು ಚೆನ್ನಾಗಿದೆ. ಚೆನ್ನಾಗಿದ್ದುದರಿಂದಲೇ ಅದು ಅಷ್ಟು ಕಾಲ ಬಾಳಿತು.

ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ ವಾಲ್ಟೇರ್ ಸ್ಪ್ರಿಂಗ್ ಎಂಬ ಪ್ರಾಧ್ಯಾಪಕನು 1880ರ ದಶಕದಲ್ಲಿ ಪುಡಿಗಳನ್ನು ಉಕ್ಕಿನ ಅಚ್ಚುಗಳಲ್ಲಿಟ್ಟು ಸಾವಿರಾರು ವಾಯುಭಾರದ ಒತ್ತಡದಿಂದ ಅದುಮಿ, ಅವು ಕೂಡಿ ಗಟ್ಟಿಯಾಗುವುದನ್ನೂ ಕೆಲವು ಜೊತೆಗಳು ಪರಸ್ಪರ ವರ್ತಿಸುವುದನ್ನೂ ತೋರಿಸಿದನು. ಒತ್ತಡವೇ ಕಾರಣವೆಂಬುದು ಅವನ ಮತ. ಎದುರಾಳಿಗಳು ಒಪ್ಪಲಿಲ್ಲ. ವಾದವು ಹೀಗೆ ನಡೆಯುತ್ತಿರಲಾಗಿ, ಅದನ್ನು ಇತ್ಯರ್ಥಮಾಡಿದ ಪ್ರಯೋಗವು ಯಾವ ವಿಶ್ವವಿದ್ಯಾನಿಲಯದಿಂದಲೂ ಬರಲಿಲ್ಲ. ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ತನ್ನ ಮನೆಯಲ್ಲಿಯೇ ಪ್ರಯೋಗಶಾಲೆಯನ್ನಿಟ್ಟುಕೊಂಡಿದ್ದ ಒಬ್ಬ ಏಕಾಂತಪ್ರಿಯನಿಂದ ಬಂದಿತು.

ಅವನ ಹೆಸರು ಮ್ಯಾಥ್ಯೂ ಕೇರಿ ಲೀ. ಹುಟ್ಟಿದುದು 1823ರಲ್ಲಿ. ಅವನ ತಾಯಿಯ ತಂದೆಯು ಹೆಸರಾದ ಪುಸ್ತಕ ಪ್ರಕಾಶಕ. ಜೀವನಕ್ಕಾಗಿ ದುಡಿಯಬೇಕಾದ ಅವಶ್ಯಕತೆ ಅವನಿಗಿರಲಿಲ್ಲ. ಛಾಯಾಚಿತ್ರದ ರಸಾಯನವೇ ಅವನ ಮುಖ್ಯ ವ್ಯಾಸಂಗ. ಬೆಳ್ಳಿಯ ಲವಣಗಳು ಬೆಳಕಿಗೆ ಏಕೆ ಕಪ್ಪಾಗುವುವು ಎಂಬುದನ್ನು ಅನೇಕ ವರ್ಷ ಪರಿಶೋಧಿಸಿದ್ದನು. ಬೆಳಕು ಒಂದು ಬಗೆಯ ಶಕ್ತಿ, ಉಷ್ಣವು ಇನ್ನೊಂದು, ವಿದ್ಯುತ್ತು ಮತ್ತೊಂದು. ಇವು ಮೂರೂ ಲವಣಗಳನ್ನು ಒಡೆಯಬಲ್ಲವು. ಹಾಗಾದರೆ ಕೈಯ ಬಲ, ಯಂತ್ರದ ಬಲ, ಇದೂ ಒಂದು ಶಕ್ತಿಯೇ ಅಲ್ಲವೆ? ಅದಕ್ಕೆ ಮಾತ್ರ ಏಕೆ ಈ ಅಧಿಕಾರವಿಲ್ಲ? ಇದು ಅವನ ಪ್ರಶ್ನೆ. 1892ರಿಂದ 1894ರವರೆಗೆ ಅವನು ಬರೆದ ಕೆಲವು ಲೇಖನಗಳು ಇದಕ್ಕೆ ಉತ್ತರ.

ಅವನ ಯುಕ್ತಿಯನ್ನು ಕೊಂಚ ನಿಧಾನವಾಗಿ ನೋಡಬೇಕು. ಬಿಸಿಯೇ ಕಾರಣವೆಂಬ ವಾದವನ್ನು ಮುರಿಯಬೇಕಾದರೆ, ಬಿಸಿಯಿಂದ ಆಗದ ಕೆಲಸವನ್ನು ಕಲ್ಬತ್ತು ಮಾಡಿ ತೋರಿಸಬೇಕು. ಅದಕ್ಕೆ ತಕ್ಕ ವಸ್ತುಗಳನ್ನು ಲೀಯು ಆರಿಸಿಕೊಂಡನು. ಒಂದು, ಬೆಳ್ಳಿಯ ಕ್ಲೋರೈಡು: ಇದನ್ನು ಕಾಯಿಸಿದರೆ ಸುಮಾರು 455 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ ನೀರಾಗುವುದು, ಆದರೆ ಒಡೆಯುವುದಿಲ್ಲ, ಆರಿದರೆ ಮತ್ತೆ ಬೆಳ್ಳಿಯ ಕ್ಲೋರೈಡೇ. ಇನ್ನೊಂದು, ಪಾದರಸದ ಕ್ಲೋರೈಡು, ಔಷಧದಂಗಡಿಯವರು ಹಿಂದೆ ಸಬ್ಲಿಮೇಟ್ ಎನ್ನುತ್ತಿದ್ದ ಉಗ್ರವಾದ ವಿಷ: ಇದು ಕಾಯಿಸಿದರೆ ಆವಿಯಾಗಿ ಹಾರಿ ತಣ್ಣನೆಯ ಕಡೆ ಹಾಗೆಯೇ ಹರಳುಗಟ್ಟುವುದು, ಒಡೆಯುವುದಿಲ್ಲ. ಈ ಎರಡನ್ನೂ ಅವನು ಬೇರೆ ಬೇರೆಯಾಗಿ, ಮತ್ತಾವುದನ್ನೂ ಬೆರೆಸದೆ, ಕಲ್ಬತ್ತಿನಲ್ಲಿ ಬಲವಾಗಿ ಬಹಳ ಹೊತ್ತು ಅರೆದನು. ಎರಡೂ ಒಡೆದುವು. ಪಾದರಸದ ಲವಣವು ಕ್ಲೋರಿನ್ನಿನ ಒಂದು ಭಾಗವನ್ನು ಕಳೆದುಕೊಂಡಿತು. ಬೆಳ್ಳಿಯ ಲವಣವು ಕಪ್ಪುಬಣ್ಣಕ್ಕೆ ತಿರುಗಿತು.

ಇಲ್ಲಿ ಬೆಂಕಿಕಡ್ಡಿಯ ಉಪಮಾನವು ನಿಲ್ಲಲಾರದು. ಈ ವಸ್ತುಗಳು ಒಡೆಯುವಾಗ ಶಾಖವು ಹುಟ್ಟುವುದಿಲ್ಲ. ಒಡೆಯಬೇಕಾದರೆ ಹೊರಗಿನಿಂದ ಶಕ್ತಿಯನ್ನು ಉಣಿಸಬೇಕು. ಆ ಶಕ್ತಿಯು ಬಂದುದು ತೋಳಿನಿಂದ. ಚಿನ್ನದ ಒಂದು ಲವಣವನ್ನೂ ಅವನು ಹೀಗೆಯೇ ಅರೆದು, ಹೊರಬಿದ್ದ ಚಿನ್ನವನ್ನು ತೂಕಮಾಡಿ, ಅದನ್ನು ಬಿಡಿಸಲು ಎಷ್ಟು ಯಾಂತ್ರಿಕ ಕೆಲಸವು ವ್ಯಯವಾಗಿರಬೇಕೆಂದು ಲೆಕ್ಕಹಾಕಿದನು. ಇನ್ನೊಂದು ಸೂಕ್ಷ್ಮವನ್ನೂ ಅವನು ಗಮನಿಸಿದನು. ಸುಮ್ಮನೆ ಮೇಲಿನಿಂದ ಅದುಮುವುದಕ್ಕಿಂತ ಅದುಮಿಕೊಂಡೇ ಪಕ್ಕಕ್ಕೆ ಜಾರಿಸುವುದು, ಎಂದರೆ ಕುಟ್ಟಣಿಗೆಯನ್ನು ತಿರುಗಿಸಿ ಉಜ್ಜುವುದು, ಹೆಚ್ಚು ಪರಿಣಾಮಕಾರಿ. ಒನಕೆಗೂ ಗುಂಡುಕಲ್ಲಿಗೂ ಇರುವ ಭೇದವೆಂದು ಮೊದಲಲ್ಲಿ ಹೇಳಿದೆನಲ್ಲ, ಅದು ಇದೇ. ನಮ್ಮ ಅಜ್ಜಿಯರು ಹೇಳಿದ್ದರೆ ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಲೀಯು 1897ರಲ್ಲಿ ತೀರಿಕೊಂಡನು. ಶಿಷ್ಯರಿರಲಿಲ್ಲ, ಪೀಠವಿರಲಿಲ್ಲ. ಜರ್ಮನಿಯ ಮಹಾಪಂಡಿತನಾದ ವಿಲ್ಹೆಲ್ಮ್ ಓಸ್ಟ್‌ವಾಲ್ಡನು, 1909ರಲ್ಲಿ ನೊಬೆಲ್ ಬಹುಮಾನವನ್ನು ಪಡೆದವನು, ರಸಾಯನಶಾಸ್ತ್ರವನ್ನು ಶಕ್ತಿಗಳ ಪ್ರಕಾರ ವಿಂಗಡಿಸುವಾಗ ಉಷ್ಣರಸಾಯನ, ವಿದ್ಯುದ್ರಸಾಯನ, ಪ್ರಕಾಶರಸಾಯನಗಳ ಪಕ್ಕದಲ್ಲಿ ಯಾಂತ್ರಿಕ ರಸಾಯನಕ್ಕೂ ಒಂದು ಮನೆಯನ್ನು ಕೊಟ್ಟನು. ಮನೆಯೇನೋ ಸಿಕ್ಕಿತು, ಒಳಗೆ ವಾಸಮಾಡುವವರು ಬಹಳ ಕಡಮೆ. ನಮ್ಮ ಕಾಲೇಜುಗಳಲ್ಲಿ ನಾವು ಓದಿದ, ಓದಿಸುವ ಪುಸ್ತಕಗಳಲ್ಲಿಯೂ ಮೊದಲ ಮೂರಕ್ಕೆ ಒಂದೊಂದು ಅಧ್ಯಾಯವಿದ್ದರೆ ನಾಲ್ಕನೆಯದಕ್ಕೆ ಒಂದು ಪುಟವೂ ಇರುವುದಿಲ್ಲ.

ಲೀಯು ತೋರಿಸಿದುದು ವಸ್ತುವು ಒಡೆಯುವುದನ್ನು. ಇನ್ನೂ ಆಶ್ಚರ್ಯಕರವಾದುದು, ವಸ್ತುವು ಒಡೆಯದೆ, ಒಂದು ಪರಮಾಣುವನ್ನೂ ಕಳೆದುಕೊಳ್ಳದೆ, ರೂಪವನ್ನು ಮಾತ್ರ ಬದಲಾಯಿಸಿಕೊಳ್ಳುವುದು. ಕಣ್ಣಿಗೆ ಪುಡಿಯು ಪುಡಿಯೇ. ಒಳಗಣ ವ್ಯೂಹವನ್ನು ಕಾಣಬೇಕಾದರೆ ಕ್ಷ-ಕಿರಣಗಳು ಬೇಕು. ಸ್ಫಟಿಕಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ ಪರಮಾಣುಗಳ ಸಾಲನ್ನು ಓದುವ ವಿದ್ಯೆಯು 1912ರಲ್ಲಿ ಹುಟ್ಟಿತು. ಆದುದರಿಂದ ಈ ಅಧ್ಯಾಯವು ಲೀಯ ಕಾಲದಲ್ಲಿ ಬರೆಯಲ್ಪಡುವಂತೆಯೇ ಇರಲಿಲ್ಲ. 1941ರಲ್ಲಿ ಅಮೆರಿಕೆಯ ಕ್ಲಾರ್ಕ್ ಮತ್ತು ರೋವನ್ ಎಂಬವರು ಸೀಸದ ಆಕ್ಸೈಡಿನ ಕೆಂಪು, ಹಳದಿ ಎಂಬ ಎರಡು ರೂಪಗಳ ಮೇಲೆ ಅರೆಯುವಿಕೆಯ ಪರಿಣಾಮವನ್ನು ಈ ಕಿರಣಗಳಿಂದ ಪರೀಕ್ಷಿಸಿದರು. ಆದರೆ ಪೂರ್ತಿಯಾಗಿ ಮನವೊಪ್ಪಿಸುವ ಸಾಕ್ಷ್ಯವು ಬಂದುದು 1956ರಲ್ಲಿ, ನಮಗೆಲ್ಲ ಪರಿಚಿತವಾದ ಒಂದು ವಸ್ತುವಿನಿಂದ.

ಸುಣ್ಣಕಲ್ಲು, ಅಮೃತಶಿಲೆ, ಸೀಮೆಸುಣ್ಣದ ಗುಡ್ಡಗಳು, ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟು. ಅದರ ರೂಪಕ್ಕೆ ಕ್ಯಾಲ್ಸೈಟ್ ಎಂದು ಹೆಸರು. ಮುತ್ತೂ, ಮುತ್ತಿನ ಚಿಪ್ಪಿನ ಒಳಗಣ ಹೊಳೆಯುವ ಪದರವೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟೇ. ಆದರೆ ಅದರ ರೂಪವು ಬೇರೆ, ಅದನ್ನು ಆರಗೊನೈಟ್ ಎನ್ನುವರು. ಆರಗೊನೈಟಿನಲ್ಲಿ ಪರಮಾಣುಗಳು ಹೆಚ್ಚು ಒತ್ತಾಗಿ ಕುಳಿತಿವೆ. ಕ್ಯಾಲ್ಸೈಟು ನೀರಿಗಿಂತ 2.71 ಪಾಲು ಭಾರವಾದರೆ ಆರಗೊನೈಟು 2.93 ಪಾಲು. ನಾವು ವಾಸಿಸುವ ಒತ್ತಡದಲ್ಲಿ ಸ್ಥಿರವಾದುದು ಕ್ಯಾಲ್ಸೈಟೇ. ಆರಗೊನೈಟು ಸ್ಥಿರವಾಗಿ ನಿಲ್ಲಬೇಕಾದರೆ ಸಾಧಾರಣ ಉಷ್ಣತೆಯಲ್ಲಿ ಸುಮಾರು 3,000ದಿಂದ 4,000 ವಾಯುಭಾರದ ಒತ್ತಡವು ಬೇಕು. ಆರಗೊನೈಟನ್ನು 400 ಡಿಗ್ರಿಗೆ ಮೇಲೆ ಕಾಯಿಸಿದರೆ ಅದು ಸಡಲಿ ಕ್ಯಾಲ್ಸೈಟಾಗುವುದು. ಸಾಧಾರಣ ಒತ್ತಡದಲ್ಲಿ ಕ್ಯಾಲ್ಸೈಟನ್ನು ಎಷ್ಟು ಕಾಯಿಸಿದರೂ ಆರಗೊನೈಟಾಗುವುದಿಲ್ಲ. ಕೊನೆಗೆ ಸುಟ್ಟು ಸುಣ್ಣವಾಗುವುದು.

ಹೀಗಿರುವಲ್ಲಿ, ಅಮೆರಿಕೆಯ ಓಕ್ ರಿಡ್ಜ್ ಪ್ರಯೋಗಶಾಲೆಯಲ್ಲಿ ಬರ್ನ್ಸ್ ಮತ್ತು ಬ್ರೇಡಿಗ್ ಎಂಬಿಬ್ಬರು ಕ್ಯಾಲ್ಸೈಟನ್ನು ಯಂತ್ರದ ಕಲ್ಬತ್ತಿನಲ್ಲಿ ಗಂಟೆಗಟ್ಟಲೆ ಅರೆದು ಕ್ಷ-ಕಿರಣಗಳಿಂದ ನೋಡಿದರು. ಪುಡಿಯಲ್ಲಿ ಆರಗೊನೈಟು ಮೂಡಿದ್ದಿತು. ಶ್ರೋತೃಗಳು ಇದರ ಅರ್ಥವನ್ನು ಗಮನಿಸಬೇಕೆಂದು ಪ್ರಾರ್ಥನೆ. ಅರೆಯುವುದೆಂದರೆ ಮಾರುವೇಷದ ಕಾಯಿಸುವಿಕೆಯೇ ಆಗಿದ್ದ ಪಕ್ಷಕ್ಕೆ ಆರಗೊನೈಟು ಕ್ಯಾಲ್ಸೈಟಾಗಬೇಕಾಗಿತ್ತು. ಆದುದು ಅದಕ್ಕೆ ನೇರ ವಿರುದ್ಧ. ಕಲ್ಬತ್ತು ವಸ್ತುವನ್ನು ಬೆಂಕಿಯು ಒಯ್ಯುವ ದಿಕ್ಕಿಗೆ ಒಯ್ಯಲಿಲ್ಲ. ಬೆಂಕಿಗೆ ಎದುರಾಗಿ, ಸಮುದ್ರದ ಆಳಕ್ಕಿಂತಲೂ ಹೆಚ್ಚಿನ ಒತ್ತಡವಿರುವ ಭೂಗರ್ಭದ ಕಡೆಗೆ ಒಯ್ದಿತು. ಅದೂ ಬಾಗಿಲು ತೆರೆದ ಕೋಣೆಯಲ್ಲಿ, ಒಂದು ಮೇಜಿನ ಮೇಲೆ.

ಈ ಬ್ರೇಡಿಗ್ ಅವರ ವಿಷಯವಾಗಿ ಒಂದೆರಡು ಮಾತನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬಾರದು. ಮ್ಯಾಕ್ಸ್ ಬ್ರೇಡಿಗ್ ಅವರ ತಂದೆ ಗೇಯೋರ್ಗ್ ಬ್ರೇಡಿಗ್ ಅವರು ಲೈಪ್ಸಿಗ್ ನಗರದಲ್ಲಿ ಓಸ್ಟ್‌ವಾಲ್ಡನ ಸಹಾಯಕರಾಗಿದ್ದವರು. ಮುಂದೆ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರು. ಯೆಹೂದ್ಯರೆಂಬ ಕಾರಣಕ್ಕಾಗಿ 1933ರಲ್ಲಿ ಅವರ ಕೆಲಸವು ಹೋಯಿತು. 1938ರ ನವೆಂಬರಿನಲ್ಲಿ ಸೆರೆಹಿಡಿದರು. ಬಿಡುಗಡೆಯಾದಮೇಲೆ ಹಾಲೆಂಡಿಗೆ ಹೋಗಿ, ಅಲ್ಲಿಂದ 1940ರಲ್ಲಿ ಅಮೆರಿಕೆಯನ್ನು ಸೇರಿ, 1944ರಲ್ಲಿ ಕಾಲವಾದರು. ಮಗ ಮ್ಯಾಕ್ಸ್ ಅವರು 1937ರಲ್ಲಿಯೇ ಅಮೆರಿಕೆಗೆ ಹೋಗಿದ್ದರು. ತಂದೆಯು ಬಹು ಕಷ್ಟದಿಂದ ಉಳಿಸಿ ದೇಶದಿಂದಾಚೆಗೆ ಸಾಗಿಸಿದ ಪತ್ರಗಳ, ಪುಸ್ತಕಗಳ ಸಂಗ್ರಹವು ಈಗ ಫಿಲಡೆಲ್ಫಿಯಾದ ವಿಜ್ಞಾನೇತಿಹಾಸ ಸಂಸ್ಥೆಯಲ್ಲಿದೆ. ಲೀಯು ಕಲ್ಬತ್ತನ್ನು ತಿರುಗಿಸಿದ ಅದೇ ಊರಿನಲ್ಲಿ.

ನಾಲ್ಕು ವರ್ಷಗಳ ತರುವಾಯ, 1960ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯಗಳೊಂದರಲ್ಲಿದ್ದ ಡಾಚೀಲ್ ಮತ್ತು ರುಸ್ತುಂ ರಾಯ್ ಅವರು ಪ್ರಯೋಗಶಾಲೆಯ ಸಾಮಾನ್ಯ ಕಲ್ಬತ್ತುಗಳಲ್ಲಿಯೂ ಬೆರೆಸುವ ಯಂತ್ರಗಳಲ್ಲಿಯೂ ಬೇರೆ ಹಲವು ವಸ್ತುಗಳು ತಮ್ಮ ಅಧಿಕ ಒತ್ತಡದ ರೂಪವನ್ನು ತಾಳುವುದೆಂದು ತೋರಿಸಿದರು. ರುಸ್ತುಂ ರಾಯ್ ಅವರು ನಮ್ಮ ದೇಶದ ರಾಂಚಿಯಲ್ಲಿ 1924ರಲ್ಲಿ ಹುಟ್ಟಿದವರು.

ಇದು ಹೇಗೆ ಸಾಧ್ಯ? ಕೈಯಲ್ಲಿ ಹಿಡಿಯುವ ಕುಟ್ಟಣಿಗೆಯಿಂದ ಸಾವಿರಾರು ವಾಯುಭಾರದ ಒತ್ತಡವು ಬರುವುದೆಲ್ಲಿಂದ? ಮೊಳೆಯನ್ನು ನೆನೆಯಿರಿ. ಅಂಗೈಯಿಂದ ಗೋಡೆಯನ್ನು ಒತ್ತಿದರೆ ಏನೂ ಆಗುವುದಿಲ್ಲ. ಅಷ್ಟೇ ಬಲವು ಮೊಳೆಯ ತುದಿಯಲ್ಲಿ ಸೇರಿದರೆ ಗೋಡೆಯು ಬಿರಿಯುವುದು. ಎರಡು ಗಡುಸಾದ ಮೈಗಳ ನಡುವೆ ಸಿಕ್ಕಿಕೊಂಡ ಕಣವು ನಿಜವಾಗಿ ತಾಗಿರುವ ಜಾಗವು ಮೊಳೆಯ ತುದಿಗಿಂತಲೂ ಎಷ್ಟೋ ಪಾಲು ಚಿಕ್ಕದು. ಆದುದರಿಂದ ಅಲ್ಲಿ, ಆ ಕ್ಷಣದ ಮಟ್ಟಿಗೆ, ಒತ್ತಡವು ಅಪಾರವಾಗುವುದು. ಆದರೆ ಒತ್ತಡವೊಂದೇ ಸಾಲದು. ಹಾರ್ವರ್ಡಿನ ಪರ್ಸಿ ಬ್ರಿಡ್ಜ್‌ಮನ್ ಅವರು 1935ರಲ್ಲಿ ಪುಡಿಗಳನ್ನು ಉಕ್ಕಿನ ಅಡಿಗಲ್ಲುಗಳ ನಡುವೆ 50,000 ವಾಯುಭಾರದವರೆಗೆ ಅದುಮಿ, ಅದುಮಿದಂತೆಯೇ ತಿರುಚಿದರು. ಬರಿಯ ಒತ್ತಡಕ್ಕೆ ಜಗ್ಗದ ಎಷ್ಟೋ ವಸ್ತುಗಳು ತಿರುಚಿದೊಡನೆ ಮಾರ್ಪಟ್ಟುವು. ಕೆಲವು ಸಿಡಿದೂ ಹೋದುವು. ಪರಮಾಣುಗಳ ಪದರವನ್ನು ಪಕ್ಕಕ್ಕೆ ಸರಿಸಿದರೆ ಅವು ಹಳೆಯ ಗುಂಡಿಯಿಂದ ಎದ್ದು ಹೊಸ ಗುಂಡಿಯಲ್ಲಿ ಕೂರುವುದು ಸುಲಭವಾಗುವುದು. ನೆಟ್ಟಗೆ ತುಳಿದರೆ ಅಲ್ಲಿಯೇ ಅಮರಿ ಕೂರುವುವು. ಮೂರನೆಯದಾಗಿ, ಪ್ರತಿಯೊಂದು ಪೆಟ್ಟೂ ಸ್ಫಟಿಕದೊಳಗೆ ಒಂದಷ್ಟು ಅವ್ಯವಸ್ಥೆಯನ್ನು ಬಿಟ್ಟುಹೋಗುವುದು. ಸಾಲು ತಪ್ಪಿದ ಪರಮಾಣುಗಳು, ಖಾಲಿಬಿದ್ದ ಸ್ಥಾನಗಳು, ಬಾಗಿದ ಪದರಗಳು, ಇವೆಲ್ಲವೂ ಕೂಡಿಟ್ಟ ಶಕ್ತಿ. ಈ ಸಾಲವು ಮಿತಿಮೀರಿದಾಗ ಹಳೆಯ ರೂಪವು ತನ್ನನ್ನು ತಾನೇ ಹೊತ್ತು ನಿಲ್ಲಲಾರದೆ ಕುಸಿಯುವುದು.

ಬಿಸಿಯನ್ನು ಪೂರಾ ಹೊರಗೆ ಹಾಕಿಬಿಟ್ಟೆನೆಂದು ಯಾರೂ ತಿಳಿಯಬಾರದು. ಉಜ್ಜುವ ಮೈಗಳ ತಾಗುಬಿಂದುಗಳಲ್ಲಿ ಕ್ಷಣಮಾತ್ರ ನೂರಾರು ಡಿಗ್ರಿಗಳ ಉಷ್ಣತೆಯು ಮಿಂಚಿ ಮಾಯವಾಗುವುದನ್ನು ಕೇಂಬ್ರಿಡ್ಜಿನ ಬೌಡನ್ ಅವರು 1930ರ ದಶಕದಲ್ಲಿ ಅಳೆದು ತೋರಿಸಿದರು. ಒತ್ತಡ, ಜಾರು, ಅವ್ಯವಸ್ಥೆ, ಮಿಂಚುಬಿಸಿ, ಈ ನಾಲ್ಕೂ ಒಂದೇ ಸಲಕ್ಕೆ ಕೆಲಸಮಾಡುವುವು. ಯಾವುದರ ಪಾಲು ಎಷ್ಟೆಂಬುದು ವಸ್ತುವಿನಿಂದ ವಸ್ತುವಿಗೆ ಬೇರೆ. ಇದರಿಂದಲೇ ವಿಚಿತ್ರವಾದ ಒಂದು ಸಂಗತಿ ಹುಟ್ಟುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿಗೆ ವಾಟರೈಟ್ ಎಂಬ ಮೂರನೆಯ ರೂಪವೂ ಉಂಟು, ಬಹಳ ಅಸ್ಥಿರವಾದುದು. ಅದನ್ನು ಅರೆದರೆ ಕ್ಯಾಲ್ಸೈಟಾಗುವುದೆಂದು 1968ರಲ್ಲಿ ಪ್ರಕಟವಾಯಿತು. ಹಾಗೆಂದಮೇಲೆ ಅದೇ ಕಲ್ಬತ್ತು ಒಂದು ರೂಪವನ್ನು ಸ್ಥಿರತೆಯ ಕಡೆಗೆ ಇಳಿಸುವುದು, ಇನ್ನೊಂದನ್ನು ಸ್ಥಿರತೆಯಿಂದ ಮೇಲಕ್ಕೆ ಎತ್ತುವುದು. ಸೀಸದ ಆಕ್ಸೈಡಿನಲ್ಲಿಯಾದರೋ ಬಹಳ ಹೊತ್ತು ಅರೆದರೆ ಎರಡು ರೂಪಗಳೂ ಒಂದು ಪ್ರಮಾಣದಲ್ಲಿ ಬೆರೆತು ನಿಲ್ಲುವುವು, ಹೋಗುವವರಷ್ಟೇ ಬರುವವರು. ಗಿರಣಿಯನ್ನು ಬದಲಾಯಿಸಿದರೆ ಪ್ರಮಾಣವೂ ಬದಲಾಗುವುದು.

ಇಷ್ಟೆಲ್ಲ ಕಲ್ಲಿನ ಮಾತಾಯಿತು. ಲೋಹಗಳ ಕಡೆಯಲ್ಲಿ ಇದೇ ವಿದ್ಯೆಯನ್ನು, ಲೀಯ ಹೆಸರನ್ನೇ ಕೇಳದವರು, ಬೇರೊಂದು ಬಾಗಿಲಿನಿಂದ ಹೊಕ್ಕರು. 1966ರ ಸುಮಾರಿನಲ್ಲಿ ಅಮೆರಿಕೆಯ ಇಂಟರ್‌ನ್ಯಾಷನಲ್ ನಿಕ್ಕಲ್ ಕಂಪನಿಯ ಜಾನ್ ಬೆಂಜಮಿನ್ ಅವರಿಗೆ ವಿಮಾನದ ಟರ್ಬೈನಿಗೆ ಬೇಕಾದ ನಿಕ್ಕಲ್ ಮಿಶ್ರಲೋಹವನ್ನು ಮಾಡಬೇಕಾಗಿತ್ತು. ಅದರೊಳಗೆ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು ಸಮವಾಗಿ ಹರಡಿರಬೇಕು. ಕರಗಿದ ಲೋಹದಲ್ಲಿ ಬೆರೆಸಲು ಹೋದರೆ ಕಣಗಳು ಬೆರೆಯದೆ ಬೇರ್ಪಡುವುವು. ಕೊನೆಗೆ ಪುಡಿಗಳನ್ನೆಲ್ಲ ಉಕ್ಕಿನ ಗುಂಡುಗಳೊಡನೆ ಗಿರಣಿಯಲ್ಲಿ ಹಾಕಿ ಆಡಿಸಿದರು. ಗುಂಡುಗಳ ನಡುವೆ ಸಿಕ್ಕಿದ ಲೋಹದ ಕಣಗಳು ಚಪ್ಪಟೆಯಾಗಿ, ಒಂದಕ್ಕೊಂದು ಬೆಸೆದು, ಮುರಿದು, ಮತ್ತೆ ಬೆಸೆದು, ಚಿರೋಟಿಯ ಹಿಟ್ಟನ್ನು ಮಡಿಸಿ ಲಟ್ಟಿಸಿದಂತೆ ಪದರವು ಪದರದೊಳಗೆ ಸೇರಿ, ಕಡೆಗೆ ಪದರವೇ ಕಾಣದಂತಾಯಿತು. ಲೋಹಗಳು ಕರಗದೆಯೇ ಮಿಶ್ರವಾದುವು. ಈ ಪದ್ಧತಿಗೆ ಯಾಂತ್ರಿಕ ಮಿಶ್ರಣವೆಂಬ ಅರ್ಥದ ಹೆಸರನ್ನು ಕೊಟ್ಟವರು ಆ ಕಂಪನಿಯ ಪೇಟೆಂಟು ವಕೀಲರು. ಶಾಸ್ತ್ರದಲ್ಲಿ ನಿಂತ ಹೆಸರುಗಳನ್ನು ವಕೀಲರು ಕೊಟ್ಟಿರುವುದು ಅಪರೂಪವೇ ಸರಿ.

1983ರಲ್ಲಿ ಕಾರ್ಲ್ ಕಾಖ್ ಮತ್ತು ಅವರ ಜೊತೆಯವರು ನಿಕ್ಕಲ್, ನಿಯೋಬಿಯಂ ಎಂಬ ಎರಡು ಲೋಹಗಳ ಪುಡಿಯನ್ನು 60ಕ್ಕೆ 40ರಂತೆ ಬೆರೆಸಿ ಗಿರಣಿಯಲ್ಲಿ ಆಡಿಸಿದರು. ಕ್ಷ-ಕಿರಣಕ್ಕೆ ಹಿಡಿದರೆ ಸ್ಫಟಿಕದ ಗುರುತೇ ಇಲ್ಲ! ಪರಮಾಣುಗಳು ಯಾವ ಸಾಲಿಗೂ ಸೇರದೆ ಗಾಜಿನಲ್ಲಿರುವಂತೆ ಅಡ್ಡಾದಿಡ್ಡಿಯಾಗಿ ನಿಂತಿದ್ದುವು. ಲೋಹದಲ್ಲಿ ಗಾಜಿನ ಅವಸ್ಥೆಯನ್ನು 1960ರಲ್ಲಿಯೇ ಕಂಡಿದ್ದರಾದರೂ, ಅದಕ್ಕೆ ಕರಗಿದ ಲೋಹವನ್ನು ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಗಳ ವೇಗದಲ್ಲಿ ತಣಿಸಬೇಕಾಗಿತ್ತು. ಇಲ್ಲಿ ಕರಗಿಸಲೂ ಇಲ್ಲ, ತಣಿಸಲೂ ಇಲ್ಲ. ಅವರು ತಮ್ಮ ಲೇಖನದ ಶೀರ್ಷಿಕೆಯಲ್ಲಿ ಅಸ್ಫಟಿಕವೆಂಬ ಪದವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರು. ಕಂಡುದನ್ನು ನಂಬಲು ಕಂಡವರಿಗೇ ಕೊಂಚ ಹಿಂಜರಿಕೆ ಇದ್ದಿರಬೇಕು; ಆ ಎಚ್ಚರಿಕೆಯು ನನಗೆ ಬಹಳ ಮೆಚ್ಚಿಕೆಯಾಯಿತು.

ಒಂದು ತೊಡಕು ಮಾತ್ರ ಉಳಿದಿದ್ದಿತು. ಗಿರಣಿಯನ್ನು ನಿಲ್ಲಿಸಿ, ಮುಚ್ಚಳ ತೆರೆದು, ಪುಡಿಯನ್ನು ತೆಗೆದು ನೋಡಿದರೆ ಕಾಣುವುದು ನಿಂತಮೇಲಿನ ಸ್ಥಿತಿ. ಆಡುತ್ತಿರುವಾಗ ಒಳಗೆ ಏನಾಗುತ್ತಿದ್ದಿತು? 2013ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ನಗರದ ದೊಡ್ಡ ಕ್ಷ-ಕಿರಣ ಕೇಂದ್ರದಲ್ಲಿ, ಅಲುಗಾಡುತ್ತಿರುವ ಗಿರಣಿಯ ಡಬ್ಬಿಯ ಮೂಲಕವೇ ತೀಕ್ಷ್ಣವಾದ ಕಿರಣವನ್ನು ಹಾಯಿಸಿ ರೂಪಗಳು ಹುಟ್ಟುವುದನ್ನೂ ಅಳಿಯುವುದನ್ನೂ ಆಯಾ ಕ್ಷಣದಲ್ಲಿಯೇ ನೋಡುವ ಉಪಾಯವನ್ನು ಪ್ರಕಟಿಸಿದರು. 2015ರಲ್ಲಿ ಇದೇ ಉಪಾಯದಿಂದ, ಸತುವಿನ ಆಕ್ಸೈಡನ್ನು ಒಂದು ಸಾವಯವ ವಸ್ತುವಿನೊಡನೆ ಅರೆಯುತ್ತಿರುವಾಗ, ಹುಟ್ಟಿದ ಸ್ಫಟಿಕವು ಅಳಿದು ಅವ್ಯವಸ್ಥಿತವಾಗಿ, ಆ ಅವ್ಯವಸ್ಥೆಯೊಳಗಿಂದ ಅದುವರೆಗೆ ಯಾರೂ ಕಾಣದಿದ್ದ ಒಂದು ರೂಪವು ತಲೆಯೆತ್ತಿ, ಅದೂ ಮುಂದೆ ಬೇರೊಂದಾಗುವುದನ್ನು ಕಂಡರು. 2019ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವು ಲೋಕಕ್ಕೆ ಉಪಯುಕ್ತವಾಗಬಹುದಾದ ಹತ್ತು ಹೊಸ ವಿದ್ಯೆಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತು. ದ್ರಾವಕಗಳಿಲ್ಲದೆ ಕೆಲಸ ನಡೆಯುವುದರಿಂದ ಕೊಳೆನೀರು ಕಡಮೆಯಾಗುವುದೆಂಬುದು ಮುಖ್ಯ ಕಾರಣ. ಥಿಯೋಫ್ರಾಸ್ಟಸನ ತಾಮ್ರದ ಪಾತ್ರೆಗೆ ಆಗ 2,300 ವರ್ಷ ವಯಸ್ಸಾಗಿದ್ದಿತು.

ಇದರಿಂದ ನಮಗೆ, ನಿಮಗೆ ಆಗಬೇಕಾದುದೇನು ಎಂದು ಕೇಳುವವರೂ ಇರಬಹುದು. ಔಷಧದ ಒಂದು ಪ್ರಸಂಗವನ್ನು ಹೇಳುತ್ತೇನೆ. 1948ರಿಂದ ವಿಷಮಶೀತಜ್ವರಕ್ಕೆ ಕ್ಲೋರಾಂಫೆನಿಕಾಲ್ ಎಂಬ ಔಷಧವನ್ನು ಕೊಡಲು ಆರಂಭಿಸಿದರು. ಅಪಾರ ಕಹಿ, ಮಕ್ಕಳು ನುಂಗಲಾರರು. ಅದಕ್ಕಾಗಿ ಅದನ್ನು ಒಂದು ಕೊಬ್ಬಿನ ಆಮ್ಲದೊಡನೆ ಕೂಡಿಸಿ, ರುಚಿಯಿಲ್ಲದ ಪಾಲ್ಮಿಟೇಟ್ ಎಂಬ ಸಂಯುಕ್ತವನ್ನಾಗಿ ಮಾಡಿ, ನುಣ್ಣಗೆ ಅರೆದು, ದ್ರವದಲ್ಲಿ ಕದಡಿ ಮಕ್ಕಳಿಗೆ ಕುಡಿಸಿದರು. ಕರುಳಿನಲ್ಲಿ ಕೊಬ್ಬಿನ ಭಾಗವು ಬಿಟ್ಟುಹೋಗಿ ಔಷಧವು ರಕ್ತಕ್ಕೆ ಸೇರಬೇಕು. ಈ ಪಾಲ್ಮಿಟೇಟಿಗೂ ಎ, ಬಿ, ಸಿ ಎಂದು ರೂಪಗಳುಂಟು. ಬಿ ರೂಪವನ್ನು ಕುಡಿಸಿದರೆ ಔಷಧವು ರಕ್ತದಲ್ಲಿ ಚೆನ್ನಾಗಿ ಕಾಣಿಸುವುದು. ಎ ರೂಪವನ್ನು ಕುಡಿಸಿದರೆ ಬಹು ಸ್ವಲ್ಪ. ಇದು 1967ರಲ್ಲಿ ರಕ್ತಪರೀಕ್ಷೆಗಳಿಂದ ಸ್ಪಷ್ಟವಾಯಿತು. ಸೀಸೆಯ ಚೀಟಿಯಲ್ಲಿ ಹೆಸರು ಒಂದೇ, ತೂಕ ಒಂದೇ, ರಾಸಾಯನಿಕ ಪರೀಕ್ಷೆಯ ಫಲವೂ ಒಂದೇ. 1985ರಲ್ಲಿ ಜಪಾನಿನ ಕಾನೆನಿವ ಮತ್ತು ಓತ್ಸುಕ ಎಂಬವರು ಈ ರೂಪಗಳನ್ನು ಗಿರಣಿಯಲ್ಲಿ ಅರೆದು ನೋಡಿದರು. ಸಿ ರೂಪವು ಬಿ ಆಯಿತು; ಇನ್ನೂ ಅರೆದಾಗ ಬಿ ರೂಪವು ಎ ಆಯಿತು.

ಔಷಧವು ನುಣ್ಣಗಾದಷ್ಟೂ ಬೇಗ ಮೈಗೆ ಹತ್ತುವುದೆಂಬುದು ವೈದ್ಯರೆಲ್ಲರ ಸಾಮಾನ್ಯ ತಿಳಿವಳಿಕೆ, ಮತ್ತು ಅದು ನಿಜವೂ ಹೌದು. ಆ ತಿಳಿವಳಿಕೆಯನ್ನೇ ನಂಬಿ ಇನ್ನೊಂದು ಗಂಟೆ ಹೆಚ್ಚಾಗಿ ಗಿರಣಿಯನ್ನು ಆಡಿಸಿದವನು, ಜ್ವರದಲ್ಲಿ ಮಲಗಿರುವ ಮಗುವಿಗೆ ಹೆಸರು ಮಾತ್ರದ ಔಷಧವನ್ನು ಕುಡಿಸಿದಂತಾಗುತ್ತಿತ್ತು. ಈಗ ಈ ಪಾಲ್ಮಿಟೇಟನ್ನು ಪರೀಕ್ಷಿಸುವವರು ಅದರ ತೂಕವನ್ನೂ ಶುದ್ಧಿಯನ್ನೂ ನೋಡಿ ಬಿಡುವುದಿಲ್ಲ; ಎ ರೂಪವು ಎಷ್ಟು ಸೇರಿದೆಯೆಂಬುದನ್ನೂ ಅಳೆಯುವರು. ಅಳೆಯುವುದಕ್ಕೆ ಮುಂಚೆ, ಮಾದರಿಯನ್ನು ತಾವೇ ಕಲ್ಬತ್ತಿನಲ್ಲಿ ಹಾಕಿ ಬಲವಾಗಿ ಅರೆಯದಂತೆ ಎಚ್ಚರವಾಗಿರುವರು.